ನಡುರಾತ್ರಿಯ ಕೀಚುದನಿ

ಪಂಚೇಂದ್ರಿಯಗಳಲ್ಲಿ ನಿದ್ರೆಯ ಹೊತ್ತಿನಲ್ಲಿ ಮನೆಯನ್ನು ಕಾಯಬಲ್ಲದ್ದು ಕಿವಿಯೊಂದೇ. ಕಣ್ಣು ಮುಚ್ಚಿರುತ್ತದೆ. ಹೊಗೆಯ ವಾಸನೆ ಬಂದರೆ ತಾನಾಗಿಯೇ ಎಚ್ಚರವಾದೀತೆಂದು ಬಹುಜನರು ನಂಬಿರುವರಾದರೂ, ಗಾಢನಿದ್ರೆಯಲ್ಲಿರುವವನನ್ನು ವಾಸನೆಯು ಎಬ್ಬಿಸುವುದೆಂಬ ಭರವಸೆಯಿಲ್ಲ. ಬೆಂಕಿಯೊಡನೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕಂತೂ ವಾಸನೆಯೇ ಇಲ್ಲ. ಅದು ಮಲಗಿದವನನ್ನು ಇನ್ನಷ್ಟು ಆಳದ ಮಂಪರಿಗೆ ನೂಕುತ್ತದೆ. ಮರದ ಚೌಕಟ್ಟಿನ ಮನೆಗಳೇ ಹೆಚ್ಚಾಗಿರುವ ಅಮೆರಿಕದಲ್ಲಿ ಮನೆಮನೆಯ ಛಾವಣಿಗೂ ಸ್ಮೋಕ್ ಡಿಟೆಕ್ಟರ್ ಅಂಟಿಕೊಂಡಿರುವುದು ಈ ಕಾರಣದಿಂದಲೇ. ಹೊಸ ಮನೆಗಳಲ್ಲಿ ಪ್ರತಿಯೊಂದು ಮಲಗುವ ಕೋಣೆಯೊಳಗೂ ಅದು ಇರುತ್ತದೆ; ಹಳೆಯ ಮನೆಗಳಲ್ಲಿ ಅನೇಕ ವೇಳೆ ಪಡಸಾಲೆಯಲ್ಲಿ ಮಾತ್ರ.

ಅಂತಹ ಹಳೆಯ ಮನೆಯೊಂದರಲ್ಲಿ, ಶಿಕಾಗೋ ನಗರದ ಸಮೀಪ, ಧಾರವಾಡದ ಕಡೆಯಿಂದ ಬಂದ ಕುಟುಂಬವೊಂದು ವಾಸವಾಗಿದೆ. ಎಪ್ಪತ್ತೆಂಟು ವರ್ಷದ ನಿವೃತ್ತ ಶಿಕ್ಷಕರೊಬ್ಬರು ಮಗನ ಆ ಮನೆಗೆ ಬಂದು ಚಳಿಗಾಲ ಕಳೆಯುತ್ತಿದ್ದರು. ಜನವರಿಯ ಒಂದು ರಾತ್ರಿ ಮೂರು ಗಂಟೆಯ ಸುಮಾರಿಗೆ ಎಲ್ಲಿಯೋ "ಕೀಚ್" ಎಂದಿತು. ಒಂದು ನಿಮಿಷ ಮೌನ. ಮತ್ತೆ "ಕೀಚ್". ಮಗನು ಸ್ಟೂಲನ್ನು ಹೊತ್ತುಕೊಂಡು ಒಂದು ಡಿಟೆಕ್ಟರಿನಿಂದ ಇನ್ನೊಂದಕ್ಕೆ ಅಲೆದನು. ಅತಿ ತೀಕ್ಷ್ಣವಾದ ಆ ಕ್ಷಣಿಕ ಧ್ವನಿಯು ಯಾವ ದಿಕ್ಕಿನಿಂದ ಬಂದಿತೆಂದು ನಿಶ್ಚಯಿಸುವುದು ನಿಜಕ್ಕೂ ಕಷ್ಟ. ಒಂದರ ಬ್ಯಾಟರಿಯನ್ನು ತೆಗೆದನು, ನಿಲ್ಲಲಿಲ್ಲ. ಕೊನೆಗೆ ಮೂರನ್ನೂ ಛಾವಣಿಯಿಂದ ಬಿಚ್ಚಿ, ವೈರಿನ ಕೊಂಡಿಯನ್ನೂ ಬ್ಯಾಟರಿಯನ್ನೂ ತೆಗೆದು, ಅಡುಗೆಮನೆಯ ಡ್ರಾಯರಿನಲ್ಲಿ ತುಂಬಿ ಮಲಗಿದನು.

ಇದು ರಾತ್ರಿಯೇ ಏಕೆ ಆಗುತ್ತದೆ? ಯಂತ್ರಕ್ಕೆ ಹಗಲಿರುಳಿನ ಭೇದವಿಲ್ಲ. ಬ್ಯಾಟರಿಗೆ ತಂಪಿನ ಭೇದವಿದೆ. ಅದರೊಳಗಿನ ರಾಸಾಯನಿಕ ಕ್ರಿಯೆಯು ತಂಪಿನಲ್ಲಿ ಮಂದವಾಗಿ ವೋಲ್ಟೇಜು ಇಳಿಯುತ್ತದೆ. ಮನೆಯು ಅತ್ಯಂತ ತಣ್ಣಗಾಗುವುದು ಬೆಳಗಿನ ಜಾವಕ್ಕೆ ಮುಂಚೆ. ಮುಗಿಯುತ್ತ ಬಂದ ಬ್ಯಾಟರಿಯು ಆಗಲೇ ಎಚ್ಚರಿಕೆಯ ಮಟ್ಟಕ್ಕಿಂತ ಕೆಳಗೆ ಜಾರುತ್ತದೆ. ಬಿಸಿಲೇರಿ ಮನೆ ಬೆಚ್ಚಗಾದರೆ ಕೆಲವೊಮ್ಮೆ ತಾನೇ ಸುಮ್ಮನಾಗುತ್ತದೆ, ಮನೆಯವರೂ ಮರೆಯುತ್ತಾರೆ. ಹೊಸ ಬ್ಯಾಟರಿ ಹಾಕಿದ ಮೇಲೂ ಕೀಚುವುದುಂಟು. ಆಗ ವಿದ್ಯುತ್ತನ್ನೂ ಬ್ಯಾಟರಿಯನ್ನೂ ಕಳಚಿ, ಪರೀಕ್ಷೆಯ ಗುಂಡಿಯನ್ನು ಹದಿನೈದು ಇಪ್ಪತ್ತು ಸೆಕೆಂಡು ಒತ್ತಿಹಿಡಿದರೆ ಒಳಗೆ ಉಳಿದ ವಿದ್ಯುದಂಶವು ಖಾಲಿಯಾಗುತ್ತದೆ. ಧೂಳು, ಸಣ್ಣ ಜೇಡಗಳು ಒಳಗೆ ಸೇರಿದ್ದರೆ ವ್ಯಾಕ್ಯೂಮ್ ಕ್ಲೀನರಿನಿಂದ ತೆಗೆಯಬೇಕು. ಹಿಂಬದಿಯಲ್ಲಿ ತಯಾರಾದ ದಿನಾಂಕವಿರುತ್ತದೆ. ಹತ್ತು ವರ್ಷ ದಾಟಿದ್ದರೆ ಬ್ಯಾಟರಿಯಲ್ಲ, ಯಂತ್ರವನ್ನೇ ಬದಲಿಸತಕ್ಕದ್ದು. ನಿಮಿಷಕ್ಕೊಮ್ಮೆ ಬರುವ ಒಂಟಿ ಕೀಚು ಯಂತ್ರದ ಅಹವಾಲು ಮಾತ್ರ. ಅಮೆರಿಕದ ಯಂತ್ರಗಳಲ್ಲಿ ಮೂರು ಮೂರು ಬಾರಿ ಬಿಟ್ಟುಬಿಟ್ಟು ಕೂಗಿದರೆ ಹೊಗೆ, ನಾಲ್ಕು ನಾಲ್ಕು ಬಾರಿ ಕೂಗಿದರೆ ಕಾರ್ಬನ್ ಮಾನಾಕ್ಸೈಡ್. ಆಗ ಸ್ಟೂಲು ಹುಡುಕದೆ ಹೊರಗೆ ನಡೆಯಬೇಕು.

ಮರುದಿನ ಮುಂಜಾನೆ ಶಿಕ್ಷಕರು ಪೂಜೆ ಮುಗಿಸಿ ಬಂದಾಗ ಮನೆಯವರೆಲ್ಲ ಕೆಂಪು ಕಣ್ಣು ಮಾಡಿಕೊಂಡು ಚಹಾ ಕುಡಿಯುತ್ತಿದ್ದರು. ರಾತ್ರಿಯ ಸಮಾಚಾರ ಕೇಳಿ ಅವರ ಮುಖ ಬಾಡಿತು.

"ನನ್ನ ಊದಿನಕಡ್ಡಿ ಹೊಗಿಯಿಂದ ಹಿಂಗಾಗಿದ್ರ ನಾಳಿಂದ ಹಚ್ಚೂದಿಲ್ಲ ತಮ್ಮಾ."

"ಹಂಗೇನಿಲ್ರಿ ಅಪ್ಪಾ, ಬ್ಯಾಟರಿ ಇಳದದ ಅಷ್ಟ. ನಿಮಗ ಸಪ್ಪಳ ಕೇಳಲಿಲ್ಲೇನ್ರಿ?"

"ಯಾವ ಸಪ್ಪಳ?"

ಎಲ್ಲರೂ ನಕ್ಕರು. ಪುಣ್ಯವಂತರ ನಿದ್ರೆ ಎಂದರು. ನಗದೆ ಉಳಿದವಳು ಸೊಸೆಯೊಬ್ಬಳೇ.

ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಎದುರಿಗೆ ಕುಳಿತವರ ಮಾತು ಕೇಳುತ್ತಿರುವುದರಿಂದ ಆ ನಷ್ಟವು ತಮಗೂ ತಿಳಿಯದು, ಮನೆಯವರಿಗೂ ತಿಳಿಯದು. ಸಾಮಾನ್ಯ ಸ್ಮೋಕ್ ಡಿಟೆಕ್ಟರು ಕೀಚುವುದೂ ಕೂಗುವುದೂ ಸುಮಾರು 3,000 ಹರ್ಟ್ಸ್‌ನ ಅಂತಹುದೇ ಎತ್ತರದ ಸ್ವರದಲ್ಲಿ. ಆ ಶನಿವಾರ ಮಧ್ಯಾಹ್ನ ಮಗನು ಹೊಸ ಬ್ಯಾಟರಿ ಹಾಕಿ ಮೂರನ್ನೂ ಸ್ವಸ್ಥಾನದಲ್ಲಿ ಕೂಡಿಸಿದನು. ಮಾವನವರು ಊಟ ಮಾಡಿ ಬಾಗಿಲು ಮುಚ್ಚಿ ಮಲಗಿದ ಮೇಲೆ, ಸೊಸೆಯ ಒತ್ತಾಯಕ್ಕೆ, ಪರೀಕ್ಷೆಯ ಗುಂಡಿಯನ್ನು ಒತ್ತಿದನು. ಒಂದಕ್ಕೊಂದು ಹೆಣೆದ ಮೂರೂ ಒಟ್ಟಿಗೆ ಕೂಗಿದವು. ಮೊಮ್ಮಗನು ಕಿವಿ ಮುಚ್ಚಿಕೊಂಡು ಅಂಗಳಕ್ಕೆ ಓಡಿದನು. ಸದ್ದು ನಿಂತ ಮೇಲೆ ಬಾಗಿಲು ತೆರೆದು ನೋಡಿದರೆ, ಹಿರಿಯರು ಗೋಡೆಯ ಕಡೆ ಮುಖ ಮಾಡಿ, ಕೈಯನ್ನು ಕೆನ್ನೆಯಡಿಯಲ್ಲಿಟ್ಟು ಮಲಗಿಯೇ ಇದ್ದರು.

ಮಗನು ಬಹಳ ಹೊತ್ತು ಬಾಗಿಲಲ್ಲಿಯೇ ನಿಂತಿದ್ದನು.

ಅಮೆರಿಕದಲ್ಲಿ ಮನೆಯ ಬೆಂಕಿಗೆ ಬಲಿಯಾಗುವ ಐವರಲ್ಲಿ ಸುಮಾರು ಮೂವರು, ಇಂತಹ ಯಂತ್ರವೇ ಇಲ್ಲದ ಅಥವಾ ಇದ್ದೂ ಕೆಲಸ ಮಾಡದ ಮನೆಯವರೆಂದು ಅಲ್ಲಿನ ಅಗ್ನಿರಕ್ಷಣಾ ಸಂಸ್ಥೆಯ ಲೆಕ್ಕ ಹೇಳುತ್ತದೆ. ಕೆಲಸ ಮಾಡದಿರುವುದಕ್ಕೆ ಮುಖ್ಯ ಕಾರಣ ಕಿತ್ತಿಟ್ಟ ಬ್ಯಾಟರಿ. ಕಿತ್ತವರು ಉಡಾಫೆಯವರೇನಲ್ಲ, ನಿದ್ದೆಗೆಟ್ಟವರು, ನಾಳೆ ತಂದರಾಯಿತೆಂದು ಮಲಗಿದವರು. ಆದರೆ ಯಂತ್ರವು ಕೂಗಿಯೂ ಕೇಳಿಸದ ಮನೆಗಳನ್ನು ಆ ಲೆಕ್ಕದಲ್ಲಿ ಕಾಣುವುದು ಕಠಿಣ.

ಇದಕ್ಕೆ ಪರಿಹಾರವುಂಟು. 520 ಹರ್ಟ್ಸ್‌ನ ತಗ್ಗಿದ ಸ್ವರದಲ್ಲಿ ಕೂಗುವ ಯಂತ್ರಗಳು ವೃದ್ಧರನ್ನೂ ಮಕ್ಕಳನ್ನೂ ಹೆಚ್ಚು ಸುಲಭವಾಗಿ ಎಬ್ಬಿಸುತ್ತವೆಂದು ಪರೀಕ್ಷೆಗಳಿಂದ ಕಂಡುಬಂದಿದೆ. ಹಾಸಿಗೆಯ ಕೆಳಗಿಟ್ಟರೆ ಗಡಗಡನೆ ನಡುಗಿಸುವ ಬಿಲ್ಲೆಯೂ ಅದರೊಡನೆ ದೊರೆಯುತ್ತದೆ. ಬೆಲೆ ಸಾಮಾನ್ಯ ಯಂತ್ರಕ್ಕಿಂತ ಹೆಚ್ಚು. ಮಗನು ಅದನ್ನು ತಂದನು. ಇಷ್ಟು ರೊಕ್ಕ ಯಾಕೆ ಕೆಡಿಸಿದಿ ಎಂದು ತಂದೆಯವರು ಎರಡು ದಿನ ಗೊಣಗಿದರು. ತಮಗೆ ಕಿವಿ ಕೇಳದೆಂಬ ಮಾತನ್ನು ಒಪ್ಪಲು ಅವರಿಗೆ ಇನ್ನೂ ಒಂದು ವಾರ ಹಿಡಿಯಿತು.

ಮೊದಲ ಪರೀಕ್ಷೆ ರಾತ್ರಿ ಹತ್ತು ಗಂಟೆಗೆ ನಡೆಯಿತು. ಸದ್ದು ಹೊರಟು ಹಾಸಿಗೆ ನಡುಗಿತು. ಅವರು ಧಡಕ್ಕನೆ ಎದ್ದು ಕುಳಿತು, ಕನ್ನಡಕಕ್ಕೆ ತಡಕಾಡುತ್ತ ಮೊದಲು ಕೇಳಿದ್ದು ಮೊಮ್ಮಗನನ್ನು: "ಹುಡುಗ ಎಲ್ಲದಾನ?"

"ಇಲ್ಲೇ ಅದಾನ್ರಿ ಅಪ್ಪಾ. ಬೆಂಕಿ ಇಲ್ಲ, ನೋಡಲಿಕ್ಕೆ ಹಚ್ಚಿದ್ವಿ."

ಆ ಮೇಲೆ ಊದಿನಕಡ್ಡಿಯ ಪ್ರಶ್ನೆ ಉಳಿಯಿತು. ಯಂತ್ರದ ನೇರ ಕೆಳಗೆ ಹಚ್ಚಿದರೆ ಅದು ನಿಜವಾಗಿಯೂ ಕೂಗಬಹುದು. ಒಗ್ಗರಣೆಯ ಹೊಗೆಗೂ ಇದೇ ಮಾತು. ಒಲೆಯಿಂದ ಕನಿಷ್ಠ ಹತ್ತು ಅಡಿ ದೂರದಲ್ಲಿ ಯಂತ್ರವಿರಬೇಕೆಂದು ತಿಳಿದವರು ಹೇಳುತ್ತಾರೆ. ಮಗನು ಅಳತೆಯ ಟೇಪು ಹಿಡಿದು, ಪೂಜೆಯ ಮಣೆಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದನು. ಅಲ್ಲಿ ಬೆಳಗಿನ ಬೆಳಕೂ ಚೆನ್ನಾಗಿ ಬೀಳುತ್ತದೆಂದು ತಂದೆಯವರು ಸಮ್ಮತಿಸಿದರು.