ಅಮ್ಮನ ಡಬ್ಬಿಯ ಮಾತ್ರೆ

ಹಾಸನದಿಂದ ಬಂದ ಅಮ್ಮ ಮೂರು ತಿಂಗಳು ಶಿಕಾಗೋ ಬಳಿಯ ನೇಪರ್‌ವಿಲ್ಲಿನ ನಮ್ಮ ಮನೆಯಲ್ಲಿದ್ದು, ಬಳಿಕ ಡೆಟ್ರಾಯಿಟ್ ಸಮೀಪದ ಕ್ಯಾಂಟನ್‌ನಲ್ಲಿರುವ ತಂಗಿಯ ಮನೆಗೆ ಹೋದರು. ಅಲ್ಲಿ ಹೊಟ್ಟೆನೋವು, ವಿಪರೀತ ಸುಸ್ತು. "ಬೇರೇನಾದರೂ ಔಷಧಿ ಸೇವಿಸುತ್ತಾರೆಯೇ?" ಎಂದು ವೈದ್ಯರು ಕೇಳಿದಾಗ ತಂಗಿ ಇಲ್ಲವೆಂದಳು. ಮಂಡಿನೋವಿಗೆಂದು ಅಮ್ಮ ನಿತ್ಯವೂ ನುಂಗುತ್ತಿದ್ದ ಭಸ್ಮದ ಮಾತ್ರೆಯನ್ನು ನಾವಾರೂ ಔಷಧಿಯೆಂದು ಎಣಿಸಿಯೇ ಇರಲಿಲ್ಲ. ನಮ್ಮ ಕಡೆಯದು, ಆದ್ದರಿಂದ ನಿರಪಾಯ! ರಕ್ತಪರೀಕ್ಷೆಯಲ್ಲಿ ಸೀಸ ಕಂಡಿತು.

ಆಮೇಲೆ ಓದಿದೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಇಂಥವು ಇಲ್ಲಿ ಆಹಾರಪೂರಕಗಳೆಂದು ಮಾರಾಟವಾಗುತ್ತವೆ. 1994ರ ಕಾಯಿದೆಯಂತೆ ಅವಕ್ಕೆ ಎಫ್‌ಡಿಎ ಪೂರ್ವಾನುಮತಿ ಬೇಕಿಲ್ಲ.

ಹಳೆಯದೆಲ್ಲ ಸುಳ್ಳೆಂದು ಹೇಳಲಾರೆ. ಚೀನಾದ ಪ್ರಾಚೀನ ವೈದ್ಯಗ್ರಂಥದ ಜಾಡು ಹಿಡಿದು ಮಲೇರಿಯಾಕ್ಕೆ ಮದ್ದು ಕಂಡ ತು ಯುಯು 2015ರಲ್ಲಿ ನೊಬೆಲ್ ಪಡೆದರು. ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸಿ, ರೋಗಿಗಳಿಗೆ ಕೊಡುವ ಮುನ್ನ ತಾವೇ ಸೇವಿಸಿ ನೋಡಿದ್ದರು.

ಕ್ಯಾಂಟನ್‌ಗೆ ಹೋಗಿ ಇದನ್ನೆಲ್ಲ ಹೇಳಿದೆ. ಅಮ್ಮ ತುಸು ಮುನಿಸಿಕೊಂಡೇ ಡಬ್ಬಿ ಒಪ್ಪಿಸಿದರು. "ಜೀರಿಗೆ ಕಷಾಯ ಮಾತ್ರ ಬಿಡಲ್ಲ ಕಣಪ್ಪ" ಎಂದರು. ನನಗೂ ಒಂದು ಲೋಟ ಬಂತು.