64 ಚೌಕಗಳಲ್ಲಿ ಒಂದು ಗೋದಲಿ



ಈ ಕ್ರಿಸ್ಮಸ್‌ಗೆ ನಮ್ಮ ಯುವಕೂಟ ಎರಡು ಗೋದಲಿ ಕಟ್ಟುತ್ತಿದೆ. ಒಂದು ಎಂದಿನಂತೆ ಇಗರ್ಜಿಯ ಅಂಗಳದಲ್ಲಿ, ಇನ್ನೊಂದು ಮೊಬೈಲ್ ಗೇಮ್‌ನಲ್ಲಿ. ಕುರುಬನೊಬ್ಬ ಗುಡ್ಡ ಇಳಿದು, ತಪ್ಪಿಸಿಕೊಂಡ ಕುರಿಗಳನ್ನು ಕೂಡಿಸಿಕೊಂಡು, ಬಾಲಯೇಸುವಿನ ಬಳಿ ತಲುಪಬೇಕು. ಇಷ್ಟೇ ಆಟ. ಮಾಡೆಲ್‌ಗಳನ್ನು ಬ್ಲೆಂಡರ್‌ನಲ್ಲಿ ಲೋ-ಪಾಲಿ ಶೈಲಿಯಲ್ಲಿ ಮಾಡುತ್ತಿದ್ದೇವೆ. ನೋಡಲು ಕಾಗದ ಮಡಚಿ ಮಾಡಿದ ಗೊಂಬೆಗಳ ಹಾಗಿರುತ್ತವೆ.

ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಕೂತು ಕೆಲಸ ಮಾಡುವಾಗ ಒಬ್ಬರ ಹಸಿರು ಇನ್ನೊಬ್ಬರ ಹಸಿರಿಗೆ ಹೊಂದುವುದಿಲ್ಲ. ಅದಕ್ಕೆ ಎಲ್ಲ ಮಾಡೆಲ್‌ಗಳಿಗೂ ಒಂದೇ ಟೆಕ್ಸ್ಚರ್ ಇಟ್ಟುಕೊಂಡಿದ್ದೇವೆ. 64×64 ಪಿಕ್ಸೆಲ್‌ನ ಒಂದು ಪುಟ್ಟ ಚಿತ್ರ, ಅದರಲ್ಲಿ 8 ಸಾಲು, ಸಾಲಿಗೆ 8 ಬಣ್ಣದ ಚೌಕ. ಇದು ಫೋನಿನ ಮೆಮೊರಿಯಲ್ಲಿ ತೆಗೆದುಕೊಳ್ಳುವುದು 16 ಕೆಬಿ ಮಾತ್ರ. ಅದೇ 30 ಮಾಡೆಲ್‌ಗಳಿಗೆ 1024×1024ರ ಬೇರೆ ಬೇರೆ ಚಿತ್ರ ಹಾಕಿದರೆ, ಕುಗ್ಗಿಸದೆ ಇಟ್ಟಾಗ, 120 ಎಂಬಿ ಬೇಕು. ನಮ್ಮ ಮಕ್ಕಳು ಆಡುವುದು ಅಪ್ಪ ಅಮ್ಮ ಬಳಸಿ ಬಿಟ್ಟ ಹಳೆಯ ಫೋನಿನಲ್ಲಿ. ಅವುಗಳಲ್ಲೂ ಆಟ ಓಡಬೇಕು.

ಮಾಡುವ ವಿಧಾನ ಸುಲಭ. ಎಡಿಟ್ ಮೋಡ್‌ನಲ್ಲಿ ಬೇಕಾದ ಮುಖಗಳನ್ನು ಆರಿಸಿ ಅನ್‌ರ‍್ಯಾಪ್ ಮಾಡಿ. ಯುವಿ ಎಡಿಟರ್‌ನಲ್ಲಿ ಅವನ್ನೆಲ್ಲ ಒಂದು ಚುಕ್ಕೆಯಷ್ಟು ಕುಗ್ಗಿಸಿ, ಬೇಕಾದ ಬಣ್ಣದ ಚೌಕದ ನಡುವೆ ಇಡಿ. ಅಂಚಿನಲ್ಲಿಟ್ಟರೆ ಪಕ್ಕದ ಬಣ್ಣ ಸೋರುತ್ತದೆ. ಟೆಕ್ಸ್ಚರ್‌ನ ಇಂಟರ್‌ಪೊಲೇಶನ್ 'ಕ್ಲೋಸೆಸ್ಟ್' ಇರಲಿ, ಗೇಮ್ ಎಂಜಿನ್‌ನಲ್ಲಿ ಮಿಪ್‌ಮ್ಯಾಪ್ ಬೇಡ.

ಒಂದು ಚೌಕದ ಬಣ್ಣ ಬದಲಿಸಿದರೆ ಆ ಬಣ್ಣ ಬಳಸಿದ ಎಲ್ಲ ಮಾಡೆಲ್‌ಗಳೂ ಬದಲಾಗುತ್ತವೆ. ಆದ್ದರಿಂದ ನಮ್ಮಲ್ಲೊಂದು ನಿಯಮವಿದೆ: ತುಂಬಿದ ಚೌಕವನ್ನು ಯಾರೂ ಒಬ್ಬರೇ ಮುಟ್ಟಬಾರದು. ಹೊಸ ಬಣ್ಣ ಬೇಕಾದರೆ ಖಾಲಿ ಚೌಕದಲ್ಲಿ ಹಾಕಿ, ಎಲ್ಲರಿಗೂ ತಿಳಿಸಬೇಕು.

ಬಣ್ಣಗಳನ್ನು ಆರಿಸುವುದೇ ದೊಡ್ಡ ಚರ್ಚೆಯಾಯಿತು. ಕೆಂಪುಕಲ್ಲು, ಹಂಚು, ಅಡಿಕೆ ಸೋಗೆ, ಗೋದಲಿಗೆಂದು ಮೊಳಕೆ ಬರಿಸುವ ಭತ್ತದ ಎಳೆಹಸಿರು, ಇವೆಲ್ಲ ಬೇಗ ಒಪ್ಪಿಗೆಯಾದವು. ಆಮೇಲೆ ಚರ್ಮದ ಬಣ್ಣಕ್ಕೆ ಬಂದೆವು. ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಕ್ಕ ಒಂದು ಪ್ಯಾಲೆಟ್‌ನಲ್ಲಿ ಅದಕ್ಕೆಂದು ಇದ್ದದ್ದು ಮೂರು ಚೌಕ, ಮೂರೂ ತಿಳಿ ಗುಲಾಬಿ. ಧರ್ಮೋಪದೇಶ ತರಗತಿಯ ಹುಡುಗಿಯೊಬ್ಬಳು ಅದನ್ನು ನೋಡಿ, "ಅಣ್ಣಾ, ಇದರಲ್ಲಿ ನಮ್ಮ ಹಾಗೆ ಕಪ್ಪಗಿರುವವರು ಯಾರೂ ಇಲ್ವಾ?" ಎಂದಳು.

ಅವಳ ಪ್ರಶ್ನೆಗೆ ನಾವು ಕೆಲಸದಿಂದಲೇ ಉತ್ತರ ಕೊಡಬೇಕಾಗಿತ್ತು. ಪ್ಯಾಲೆಟ್ ಎಲ್ಲರದ್ದಾದಾಗ, ಅದರಲ್ಲಿ ಇಲ್ಲದ ಬಣ್ಣ ಇಡೀ ಆಟದಲ್ಲೇ ಇರುವುದಿಲ್ಲ. ಆ ಬಣ್ಣದ ಕುರುಬನೂ ಇಲ್ಲ, ಆ ಬಣ್ಣದ ಮರಿಯಮ್ಮನೂ ಇಲ್ಲ. ಬೆತ್ಲೆಹೇಮಿನ ಕುರುಬರು ಬಿಸಿಲಲ್ಲಿ ದುಡಿದವರು. ಅವರನ್ನು ಗುಲಾಬಿ ಮಾಡಲು ನಮಗೆ ಕಾರಣ ಕಾಣಲಿಲ್ಲ. ಈಗ ಒಂದು ಪೂರ್ತಿ ಸಾಲು, ಎಂಟು ಚೌಕ, ಚರ್ಮಕ್ಕೇ ಮೀಸಲು: ಗೋಧಿ ಬಣ್ಣದಿಂದ ಕಡುಕಪ್ಪಿನವರೆಗೆ. ಬಾಲಯೇಸು ಆ ಸಾಲಿನ ನಡುವಿನ ಕಂದು.

ಒಂದೇ ದೇಹ, ಅಂಗಗಳು ಹಲವು ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯವನ್ನು ನಾವು ಎಷ್ಟೋ ಸಲ ಓದಿದ್ದೇವೆ. ಒಂದೇ ಚಿತ್ರದಲ್ಲಿ ಎಲ್ಲರಿಗೂ ಜಾಗ ಮಾಡುವಾಗ ಅದು ಇನ್ನೂ ಹತ್ತಿರವಾಯಿತು.

ಹನ್ನೊಂದು ಚೌಕ ಇನ್ನೂ ಖಾಲಿ ಇವೆ. ಭಾನುವಾರ ಪೂಜೆಯ ಬಳಿಕ ಬನ್ನಿ. ಯಾವ ಬಣ್ಣ ಬಿಟ್ಟುಹೋಗಿದೆ, ಹೇಳಿ.