ಅಜ್ಜಿಯ ದಿಂಬಿನ ಲೆಕ್ಕ

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಕಾರಣ ಆಫೀಸೂ ಅಲ್ಲ, ಸೋಮಾರಿತನವೂ (ಪೂರ್ತಿ) ಅಲ್ಲ. ಕಾರಣ ನಮ್ಮಜ್ಜಿ. ವಯಸ್ಸು 86, ತೂಕ 41 ಕೆಜಿ, ನಾಲಿಗೆ ಮಾತ್ರ ಇನ್ನೂ ಇಪ್ಪತ್ತರದ್ದು.

ಎರಡು ವರ್ಷದ ಹಿಂದೆ ಡಾಕ್ಟರು 'ಹಾರ್ಟ್ ಫೇಲ್ಯೂರ್' ಅಂದಾಗ ಮನೆಯವರೆಲ್ಲ ಗಾಬರಿಯಾಗಿದ್ದೆವು. ಹಾಗಂದ್ರೆ ಹೃದಯ ನಿಂತುಹೋಯ್ತು ಅಂತಲ್ಲ, ಪಂಪು ಸೋತಿದೆ ಅಂತ. ಎಷ್ಟು ಬೇಕೋ ಅಷ್ಟು ರಕ್ತ ದೂಡೋಕಾಗದೆ ಮೈಯಲ್ಲಿ ನೀರು ನಿಲ್ಲತ್ತೆ, ಕಾಲಲ್ಲಿ, ಶ್ವಾಸಕೋಶದಲ್ಲಿ. ಅಜ್ಜಿಯ ವಯಸ್ಸಿಗೆ ಇದು ವಾಸಿ ಮಾಡೋ ಕಾಯಿಲೆಯಲ್ಲ, ಸಂಭಾಳಿಸೋ ಕಾಯಿಲೆ.

ನಮ್ಮನೆ ಬಸವನಗುಡಿಯಲ್ಲಿ, ಗಾಂಧಿಬಜಾರಿನಿಂದ ಎರಡು ರಸ್ತೆ ಆಚೆ. ಮಹಡಿ ಮನೆ, 19 ಮೆಟ್ಟಿಲು, ಲಿಫ್ಟಿಲ್ಲ. ಹತ್ತು ನಿಮಿಷ ಡಾಕ್ಟರನ್ನು ನೋಡೋದಕ್ಕೆ ಮೆಟ್ಟಿಲು ಇಳಿಸು, ಆಟೋ ಹಿಡಿ, ಟೋಕನ್ ತಗೋ, ಕಾಯಿ, ಮತ್ತೆ ಮೆಟ್ಟಿಲು ಹತ್ತಿಸು. ಮಾರನೇ ದಿನವಿಡೀ ಅಜ್ಜಿ ಹಾಸಿಗೆ ಬಿಟ್ಟು ಏಳ್ತಿರಲಿಲ್ಲ. ಆಗ ಡಾಕ್ಟರಮ್ಮನೇ ಹೇಳಿದ್ದು, "ಮೂರು ತಿಂಗಳಿಗೊಮ್ಮೆ ಕರ್ಕೊಂಡು ಬನ್ನಿ, ಮಧ್ಯೆ ವಿಡಿಯೋದಲ್ಲಿ ನೋಡ್ತೀನಿ" ಅಂತ.

ವಿಡಿಯೋ ಅಂದಕೂಡಲೇ ನನ್ನೊಳಗಿನ ಇಂಜಿನಿಯರ್ ಎದ್ದು ಕೂತ. ಸ್ಟ್ಯಾಂಡು ತಂದೆ, ವೈಫೈ ಸರಿಮಾಡಿದೆ, ಎಕ್ಸೆಲ್ ಶೀಟ್ ಮಾಡಿದೆ. ಆದ್ರೆ ಕೆಲಸಕ್ಕೆ ಬಂದಿದ್ದು ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರು ಮತ್ತು ಅಮ್ಮನ ಪೆನ್ಸಿಲ್ಲು. ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು ತೂಕ. ಐದು ನಿಮಿಷ ಸುಮ್ಮನೆ ಕೂತ ಮೇಲೆ ಬಿಪಿ. ಬೆರಳಿಗೆ ಹಾಕೋ ಆಕ್ಸಿಮೀಟರು, ಅದೂ ಕೈ ಬೆಚ್ಚಗೆ ಮಾಡಿಕೊಂಡ ಮೇಲೆ, ಇಲ್ದಿದ್ರೆ ಇಲ್ಲದ ಅಂಕಿ ತೋರಿಸಿ ಹೆದರಿಸತ್ತೆ. ಆಮೇಲೆ ಹೆಬ್ಬೆರಳಿನ ಪರೀಕ್ಷೆ. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳಿಂದ ಒಂದಷ್ಟು ಸೆಕೆಂಡು ಒತ್ತಿ ಬಿಡಬೇಕು. ಗುಳಿ ಹಾಗೇ ಉಳಿದ್ರೆ ನೀರು ತುಂಬಿದೆ ಅಂತ.

ಕಡೇದು ದಿಂಬಿನ ಲೆಕ್ಕ. ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತಾರೆ? ಶ್ವಾಸಕೋಶದಲ್ಲಿ ನೀರಿದ್ರೆ ಮಟ್ಟಸವಾಗಿ ಮಲಗೋಕಾಗಲ್ಲ, ತಲೆ ಎತ್ತರಿಸಿದಷ್ಟೂ ಉಸಿರು ಸಲೀಸು. ಹೃದಯದ ಡಾಕ್ಟರುಗಳು ಇದನ್ನು ಎಣಿಸಿಯೇ ಕೇಳ್ತಾರೆ ಅಂತ ನನಗೆ ಆವಾಗ್ಲೇ ಗೊತ್ತಾಗಿದ್ದು.

ದೂರದಿಂದ ವೈದ್ಯ ಮಾಡೋದು ನಮ್ಮ ಕಾಲದ ಐಡಿಯಾ ಅಂತ ನಾನು ಅಂದ್ಕೊಂಡಿದ್ದೆ. ಅಲ್ವಂತೆ! ಇಸಿಜಿ ಯಂತ್ರದ ಐಂತೋವನ್ 1905ರಲ್ಲೇ ಲೈಡನ್ ಊರಿನ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತನ್ನ ಲ್ಯಾಬಿಗೆ ಟೆಲಿಫೋನ್ ತಂತಿಯಲ್ಲಿ ಹೃದಯದ ಮಿಡಿತ ಕಳಿಸಿದ್ದ. ಹೆಚ್ಚುಕಮ್ಮಿ ನ್ಯಾಷನಲ್ ಕಾಲೇಜಿನಿಂದ ಬಸವಣ್ಣನ ಗುಡಿಯವರೆಗೆ ಅಂದ್ಕೊಳ್ಳಿ. ಇನ್ನು ನಮ್ಮೂರಿನ ಕಥೆ: 1898ರ ಪ್ಲೇಗ್ ಕಾಲದಲ್ಲಿ ಅದರ ನಿಯಂತ್ರಣದ ಕೆಲಸಕ್ಕಾಗಿ ಬೆಂಗಳೂರಿನಲ್ಲಿ ಟೆಲಿಫೋನ್ ತಂತಿ ಎಳೆದರು. ಆ ಪ್ಲೇಗಿನ ನಂತರವೇ ಗಾಳಿ ಬೆಳಕಿಗೆ ಜಾಗ ಬಿಟ್ಟು ಬಸವನಗುಡಿ, ಮಲ್ಲೇಶ್ವರ ಬೆಳೆದಿದ್ದು. ನಮ್ಮ ಬಡಾವಣೆ ಮತ್ತು ಫೋನು ಒಂದೇ ಕಾಯಿಲೆಯ ಮಕ್ಕಳು ಅನ್ನಬಹುದು. ಇಸ್ರೋದವರು ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದು 2000ದ ದಶಕದ ಶುರುವಿನಲ್ಲಿ. ಕೊರೊನಾ ಬಂದಾಗ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ನಿಯಮಗಳು ಬಂದವು. ಏಪ್ರಿಲ್‌ನಲ್ಲಿ ಮನೆಯಿಂದಲೇ ಡಾಕ್ಟರನ್ನು ಕಾಣೋ ಇ-ಸಂಜೀವಿನಿ ಓಪಿಡಿ ಶುರುವಾಯ್ತು.

ಆ ನಿಯಮಗಳನ್ನು ಕೂತು ಓದಿದೆ. ರೋಗಿಯ ಪರವಾಗಿ ನೋಡಿಕೊಳ್ಳುವವರು ಮಾತಾಡಬಹುದು, ಆದ್ರೆ ಯಾವಾಗ, ಯಾರ ಒಪ್ಪಿಗೆಯಿಂದ ಅನ್ನೋದಕ್ಕೆ ಕಟ್ಟುಪಾಡಿದೆ. ಫೋನಲ್ಲಿ ಆಗಲ್ಲ, ಖುದ್ದಾಗಿ ಬನ್ನಿ ಅಂತ ಡಾಕ್ಟರು ಯಾವ ಹಂತದಲ್ಲಾದ್ರೂ ಹೇಳಬಹುದು. ಸಾಕು ಅನ್ನೋ ಹಕ್ಕು ರೋಗಿಗೂ ಇದೆ. ಈ ಒಣ ಸಾಲುಗಳ ಅರ್ಥ ನಮಗೆ ಆಮೇಲೆ ಆಯ್ತು.

ಒಂದು ಸಲ ಕ್ಯಾಲೆಂಡರಿನ ಪ್ರಕಾರ ನಾಲ್ಕು ದಿನದಲ್ಲಿ 1.8 ಕೆಜಿ ಏರಿತ್ತು. ಹಬ್ಬದ ಊಟ, ಹಪ್ಪಳ, ಉಪ್ಪಿನಕಾಯಿ ಅಂತ ಅಮ್ಮ ಅಂದ್ರು. ಡಾಕ್ಟರಮ್ಮ ಅಂಕಿಗಳನ್ನೆಲ್ಲ ಕೇಳಿ, "ಫೋನು ಅಜ್ಜಿ ಕೈಗೆ ಕೊಡಿ" ಅಂದ್ರು.

"ಅಮ್ಮಾ, ರಾತ್ರಿ ಎಷ್ಟು ದಿಂಬು?"

"ಎರಡೇ ಡಾಕ್ಟ್ರೇ."

"ಮಂಚದ ಮೇಲೇ ಮಲಗ್ತೀರಾ?"

ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು, "ಇಲ್ಲಮ್ಮ, ಎರಡು ರಾತ್ರಿಯಿಂದ ಹಾಲಿನ ಕುರ್ಚೀಲೇ ಕೂತಿರ್ತೀನಿ. ಇವ್ರಿಗೆಲ್ಲ ಹೇಳಿದ್ರೆ ನಿದ್ದೆ ಕೆಡತ್ತೆ" ಅಂದ್ರು.

ಅಮ್ಮ ಏಳೋ ಹೊತ್ತಿಗೆ ಅಜ್ಜಿ ಮಂಚಕ್ಕೆ ವಾಪಸ್ ಬಂದು ಹೊದ್ಕೊಂಡು ಮಲಗಿರ್ತಿದ್ರಂತೆ. ಯಾವ ಯಂತ್ರಕ್ಕೂ ಸಿಗದ್ದು ಆ ಒಂದು ಪ್ರಶ್ನೆಗೆ ಸಿಕ್ಕಿತು. ನೀರು ಇಳಿಸೋ ಮಾತ್ರೆ ಹೆಚ್ಚು ಮಾಡಿದ್ರು, ರಕ್ತಪರೀಕ್ಷೆಗೆ ಲ್ಯಾಬಿನ ಹುಡುಗ ಮನೆಗೇ ಬಂದ. ಮೂರು ದಿನಕ್ಕೆ ತೂಕ ಇಳಿಯಿತು, ಅಜ್ಜಿ ಮಂಚಕ್ಕೆ ಬಂದ್ರು, ಮೆಟ್ಟಿಲು ಇಳಿಯಬೇಕಾಗಲಿಲ್ಲ.

ಇನ್ನೊಂದು ಸಲ ಹಾಗಾಗಲಿಲ್ಲ. ಒಂದು ಬೆಳಿಗ್ಗೆ ಅಜ್ಜಿಗೆ ವಿಪರೀತ ಮಂಪರು, "ಅಡುಗೆಮನೇಲಿ ನಮ್ಮತ್ತೆ ಬಂದಿದಾರೆ, ಕಾಫಿ ಕೊಡ್ರೋ" ಅಂತಿದ್ರು. ಅಜ್ಜಿಯ ಅತ್ತೆ ತೀರಿಕೊಂಡು ಅರವತ್ತು ವರ್ಷವಾಗಿದೆ. ತೂಕ ಸರಿ, ಬಿಪಿ ಸರಿ, ಆಕ್ಸಿಜನ್ ಸರಿ. ಡಾಕ್ಟರಮ್ಮ ಒಂದು ನಿಮಿಷ ನೋಡಿ, "ಇದು ಫೋನಲ್ಲಿ ಆಗೋ ಕೆಲಸ ಅಲ್ಲ, ಈಗಲೇ ಹೊರಡಿ" ಅಂದ್ರು. ಪಕ್ಕದ ಮನೆಯವರೂ ನಾನೂ ಸೇರಿ ಕುರ್ಚಿ ಸಮೇತ 19 ಮೆಟ್ಟಿಲು ಇಳಿಸಿದೆವು. ಸೋಡಿಯಂ ಕಮ್ಮಿಯಾಗಿತ್ತು. ಆರು ದಿನ ಆಸ್ಪತ್ರೆ, ಅದರಲ್ಲಿ ಎರಡು ದಿನ ಐಸಿಯು.

ವಾಪಸ್ ಬಂದ ಮೇಲಿನ ಮೊದಲ ವಿಡಿಯೋದಲ್ಲಿ ಡಾಕ್ಟರಮ್ಮ ಅಂಕಿಗಳಿಗಿಂತ ಮೊದಲು ಅಜ್ಜಿಯನ್ನೇ ಕೇಳಿದ್ರು, "ಮುಂದೆ ಹೀಗಾದ್ರೆ ಏನು ಮಾಡೋಣಮ್ಮ? ನಿಮಗೇನು ಬೇಕು?" ಅಮ್ಮ ಸೆರಗು ಬಾಯಿಗಿಟ್ಕೊಂಡ್ರು. ಅಜ್ಜಿ ಮಾತ್ರ ತರಕಾರಿ ಚೌಕಾಸಿ ಮಾಡೋ ಧ್ವನೀಲಿ ಹೇಳಿದ್ರು, "ಉಸಿರು ಸಿಗಬೇಕು. ನನ್ನ ಮಂಚ ಬೇಕು. ಆ ಗಾಜಿನ ರೂಮು ಬೇಡ, ಅಲ್ಲಿ ಹಗಲು ಯಾವುದು ರಾತ್ರಿ ಯಾವುದು ಗೊತ್ತಾಗಲ್ಲ." ಡಾಕ್ಟರಮ್ಮ ಅದನ್ನು ಬರೆದುಕೊಂಡ್ರು. ಅಮ್ಮನೂ ಕ್ಯಾಲೆಂಡರಿನಲ್ಲಿ ಆ ದಿನದ ತೂಕದ ಕೆಳಗೆ ಬರೆದುಕೊಂಡ್ರು. ನಮ್ಮನೇಲಿ ಈ ಮಾತು ಯಾರೂ ಯಾವತ್ತೂ ಎತ್ತಿರಲಿಲ್ಲ. ಆಸ್ಪತ್ರೆಯ ಗದ್ದಲದಲ್ಲಾಗಿದ್ರೆ ಅಜ್ಜಿ ಇಷ್ಟು ಬಿಡಿಸಿ ಹೇಳ್ತಿದ್ರಾ? ನನಗೆ ಅನುಮಾನ. ತಮ್ಮ ಮಂಚದ ಮೇಲೆ ಕೂತಿದ್ರು, ಅದಕ್ಕೇ ಧೈರ್ಯ ಬಂತು ಅನ್ಸತ್ತೆ.

ಇದನ್ನೆಲ್ಲ ನೋಡಿ ಅನ್ನಿಸೋದು ಇಷ್ಟು. ಟೆಲಿಮೆಡಿಸಿನ್ನಿಗೆ ನೆಟ್‌ವರ್ಕ್ ಬೇಕು ಅಂತ ನಾವು ಸಾಫ್ಟ್‌ವೇರಿನವರು ಬಡ್ಕೊಳ್ತೀವಿ. ಅದಕ್ಕಿಂತ ಹೆಚ್ಚಾಗಿ ಒಂದು ಹೆಬ್ಬೆರಳು ಬೇಕು, ಕಾಲು ಒತ್ತಿ ಗುಳಿ ನೋಡೋದಕ್ಕೆ. ನಮ್ಮನೇಲಿ ಅದು ಅಮ್ಮನದು. ಅವರಿಗೂ ಅರವತ್ತಾಗಿದೆ, ಅವರಿಗೂ ಬಿಪಿ ಇದೆ. ಡಾಕ್ಟರು ಆಸ್ಪತ್ರೆಯಲ್ಲಿ ನರ್ಸಿಂದ ಮಾಡಿಸೋ ಕೆಲಸವೆಲ್ಲ ಮನೆಗೆ ಬಂದಾಗ ಅಮ್ಮನ ಪಾಲಿಗೆ ಬಂತು. ಅದಕ್ಕೇ ಈಗ ಶನಿವಾರ, ಭಾನುವಾರದ ಕ್ಯಾಲೆಂಡರು ನಂದು. ಆ ಎರಡು ದಿನ ಅಮ್ಮ ಏಳು ಗಂಟೆವರೆಗೆ ಮಲಗಬಹುದು.

ಆದ್ರೆ ಚಾಮರಾಜಪೇಟೆ, ಮಲ್ಲೇಶ್ವರದ ಎಷ್ಟೋ ಹಳೇ ಮನೆಗಳಲ್ಲಿ ಈಗ ಇಬ್ಬರೇ ಮುದುಕರು, ಅಥವಾ ಒಬ್ಬರೇ. ಮಗ ನ್ಯೂಜೆರ್ಸಿಯಿಂದ ವಿಡಿಯೋದ ಮೂರನೇ ಕಿಟಕಿಯಲ್ಲಿ ಕೂತು ಡಾಕ್ಟರ ಮಾತು ಕೇಳಬಲ್ಲ, ಕಾಲು ಒತ್ತಲಾರ. ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನವರೂ ಸೇರಿ ಹಿರಿಯರಿಗಾಗಿ 1090 ಸಹಾಯವಾಣಿ ಶುರುಮಾಡಿದ್ದು 2002ರಲ್ಲಿ. ಆಗಲೇ ಅವರಿಗೆ ಇದು ಕಾಣಿಸಿತ್ತು. ಸಹಾಯವಾಣಿ ದೊಡ್ಡದೇ. ಆದ್ರೆ ಬೆಳಿಗ್ಗೆ ಕಾಫಿಗೆ ಮೊದಲು ತೂಕ ನೋಡೋದಕ್ಕೆ ಪಕ್ಕದ ಮನೆಯವರೇ ಬರಬೇಕು.

ಇವತ್ತಿನ ತೂಕ 41.2, ದಿಂಬು ಎರಡು. (ಮಂಚದ ಮೇಲೇ, ನಾನೇ ನೋಡಿದ್ದೀನಿ.)

ನಿಮ್ಮನೇಲಿ, ನಿಮ್ಮ ಬೀದೀಲಿ ಆ ಹೆಬ್ಬೆರಳು ಯಾರದ್ದು? ಬಿಡುವಾದಾಗ ಬರೀರಿ.